ಹಾಜರಿ ಬುಕ್ಕು

ಶಹಾಬಾದಿನ ಫರಸಿಕಲ್ಲು ಹ್ಯಾಂಗ ಬಿಡಿಸ್ತಾರ, ಗೊತ್ತದೇನು?
ಮ್ಯಾಲಿಂದ ಹೊಡಿಯಂಗಿಲ್ಲ.
ಮಗ್ಗಲಿಗೆ ಒಂದು ಸಣ್ಣ ಗೆರಿ ಹುಡುಕಿ
ಉಳಿ ಇಟ್ಟು, ಕಿವಿ ಕೊಟ್ಟು
ಟಕ್, ಟಕ್.
ಎಲ್ಲಿ ಬಿಡಬೇಕಂತ ಕಲ್ಲೇ ಹೇಳ್ತದ,
ಅಂತಿದ್ದ ನಮ್ಮಪ್ಪ ಭೀಮಶಾ.

ಅವನ ಸಂದೂಕಿನ ತಳದಾಗ
ಒಂದರ ಮೈಗೊಂದು ಹತ್ತಿ ಇಟ್ಟಂಗಿಯಷ್ಟು ದಪ್ಪಾದ
ಇಪ್ಪತ್ತಮೂರು ಫೋಟೋ.
ಉಳಿ ನಡಿಯಂಗಿಲ್ಲ ಇಲ್ಲಿ.
ಪರಾತದಾಗ ತಣ್ಣೀರು ಹಾಕಿ ಮುಳುಗಿಸಿ ಕುಂತೆ.
ತಾಸೊತ್ತಿಗೆ ಜಗದೇವಿ ಅತ್ತಿಯ ಮದವಿ
ಕಾಕಾನ ಬೆನ್ನು ಬಿಟ್ಟು ಮ್ಯಾಲ ಬಂತು.
ಕಾಕಾ ಮಾತ್ರ ಬರಲಿಲ್ಲ.
ಅವನ ಮುಖ ಮುಂದಿನ ಫೋಟೋದ ಹಿಂದ ಹತ್ತಿಕೊಂಡು ಹೋತು.
ತಿರುವಿದ್ರ ಅಲ್ಲಿ ಅದಾನ,
ಎಡದ ಬೈತಲಿ ಬಲಕ್ಕಾಗಿ,
ನಗಿ ಹಂಗೇ.

ಪ್ಯಾಟ್ಯಾಗಿನ ಆಲ್ಬಮ್ಮು ಬ್ಯಾಡ ಅಂದೆ.
ಖಣಿ ಬಂದಾದಾಗ ಮುಕಾದಮ ಒಲಿಗಿ ಹಾಕ್ರಿ ಅಂತ ಕೊಟ್ಟ
ಹಳೇ ಹಾಜರಿ ಬುಕ್ಕೊಂದು ಇತ್ತು,
ಅಪ್ಪ ಒಲಿಗಿ ಹಾಕಿದ್ದಿಲ್ಲ.
ಮುಂದಿನರ್ಧ ಹೆಸರು, ಗೀಟು, ಸೊನ್ನಿ.
ಹಿಂದಿನರ್ಧ ಖಾಲಿ ಮನಿಗಳು, ಸಾಲಿಗಿ ಮೂವತ್ತೊಂದು.
ಮೈದಾ ಕುದಿಸಿದೆ,
ಹುಳ ಬರಬಾರದಂತ ಚಿಟಿಕಿ ಮೈಲುತುತ್ತ ಹಾಕಿದೆ.
ಮೊದಲು ಅಪ್ಪನ ಫ್ಯಾಕ್ಟರಿ ಪಾಸಿನ ಫೋಟೋ:
ನೀಲಿ ಶಿಕ್ಕಾ ಅರ್ಧ ಮೀಸಿ ನುಂಗ್ಯಾದ.

ವಾಡಿಯಿಂದ ಪ್ಯಾಸೆಂಜರ್ ಹಿಡದು
ಇಬ್ಬರೂ ಅತ್ತಿಯರು ಬಂದ್ರು, ಹೆಸರು ಹೇಳಾಕ.
ಮಶಾಕಸಾಬನ ಸ್ಟುಡಿಯೋದ ಪರದೆ,
ಪರದ್ಯಾಗ ಕೆರಿ, ಕೆರ್ಯಾಗ ಹಂಸ
(ಕುತ್ತಿಗಿ ಬರಕೋತ ಬರಕೋತ ಪೇಂಟರಗ ನಿದ್ದಿ ಬಂದಿರಬೇಕು),
ಮುಂದ ಸ್ಟೂಲಿನ ಮ್ಯಾಲ ಒಂದು ಕೂಸು,
ಒಂದೇ ಕಾಲಾಗ ಬೂಟು.

"ಇದು ನಾ" ಅಂದ್ಳು ಜಗದೇವಿ.
"ನೀ ಎಲ್ಲಿಯಾಕಿ? ಬೂಟು ಕಳದಾಕಿ ನಾ,
ಹೊಡತ ತಿಂದಾಕಿ ನಾ" ಅಂದ್ಳು ಗುಂಡಮ್ಮ.
"ಹೊಡತ ಯಾರು ತಿಂದಿಲ್ಲಬೇ ಆ ಮನ್ಯಾಗ?"
ಒಬ್ಬಾಕಿ ಹೇಳ್ತಾಳ, ಬೂಟು ರೈಲ್ವೆ ಗೇಟಿನಾಗ ಬಿತ್ತಂತ.
ಇನ್ನೊಬ್ಬಾಕಿ, ಖಣಿ ನೀರಾಗ ಬಿತ್ತು,
ಇವತ್ತಿಗೂ ಅಲ್ಲೇ ಅದ ಅಂತ.
ಚಾ ಆರಿ ಕೆನಿಗಟ್ಟಿತು.
ನಾ ಫೋಟೋದ ಕೆಳಗ ಎರಡೂ ಹೆಸರು ಬರದೆ,
ಎರಡರ ಮುಂದೂ ಗೀಟು ಹಾಕಿದೆ.

"ಅವ್ವಂದು ಒಂದೂ ಇಲ್ಲೇನು?" ಅಂದ್ಳು ಗುಂಡಮ್ಮ.
ಇದ್ದಿದ್ದಿಲ್ಲ.
ಮಶಾಕಸಾಬ ಒಮ್ಮಿ ಕರದಿದ್ದನಂತ,
ಕೂಸು ಹಿಡದು ನೀನೂ ನಿಂದ್ರು ಸಾಬಮ್ಮ ಅಂತ.
ಮೈ ತುಂಬ ಕಲ್ಲಿನ ಧೂಳದ ಅಂತ
ಪರದಿ ಹಿಂದ ಸರದಳಂತ ಆಯಿ.

ಸುಮ್ಮನ ಬುಕ್ಕಿನ ಮುಂದಿನ ಹಾಳಿ ತಿರುವಿಕೋತ ಕುಂತಿದ್ದ ಜಗದೇವಿ
ಒಂದು ಕಡಿ ನಿಂತ್ಳು.
ಓದಾಕ ಬರಂಗಿಲ್ಲ ಅಕೀಗಿ,
ಅಪ್ಪ ಅಂಚು ಮಡಚಿಟ್ಟಿದ್ದ, ಅದಕ್ಕ ನಿಂತಾಳ.
"ಏನಂತ ಅದ ನೋಡು."
ಶ್ರಾವಣದ ತಿಂಗಳು. ಹದಿನಾಕನೇ ಸಾಲು.
ಸಾಬಮ್ಮ ಗಂಡ ಲಾಲಪ್ಪ. ಕಲ್ಲಚೂರು ಹೊರುವಾಕಿ.
ಗೀಟು, ಗೀಟು, ಗೀಟು, ಗೀಟು,
ಒಂಬತ್ತು ಸೊನ್ನಿ,
ಹತ್ತು ಸೊನ್ನಿ,
ಹನ್ನೊಂದು ಸೊನ್ನಿ,
ಹನ್ನೆರಡನೇ ತಾರೀಖಿಗಿ ಗೀಟು.

"ಒಂಬತ್ತಕ್ಕ ಇಕಿ ಹುಟ್ಯಾಳ" ಅಂದ್ಳು ಜಗದೇವಿ,
ತಂಗಿ ಕಡಿ ನೋಡಲಾರದೆ.
ಈ ಸಲ ಜಗಳ ಹತ್ತಲಿಲ್ಲ.
ಗುಂಡಮ್ಮ ಬಂದು
ಮೂರನೇ ಸೊನ್ನಿ ಮ್ಯಾಲ ಬೆರಳಿಟ್ಟು,
ಹನ್ನೆರಡಕ್ಕ ಸರಿಸಿ,
"ಇನ್ನೊಂದು ದಿನ ಮಲಗಿದ್ರ
ಗಂಟೇನು ಹೋಗ್ತಿತ್ತಬೇ ಯವ್ವಾ" ಅಂದ್ಳು,
ಮನಿ ಒಳಗಿನವರಿಗೆ ಬೈದಂಗ.

ಆ ಹಾಳಿ ಮ್ಯಾಲ ನಾ ಏನೂ ಅಂಟಿಸಿಲ್ಲ.
ಎದುರಿನ ಹಾಳಿಗಿ ಒಂದೇ ಬೂಟಿನ ಕೂಸು ಇಟ್ಟೀನಿ,
ಪರದಿ ಸ್ವಲ್ಪ ಉಬ್ಬ್ಯಾದ ಅದರಾಗ, ಬಲಕ್ಕ.
ಗಾಳಿ ಇರಬಹುದು.

ಅಂಟು ಇನ್ನಾ ಹಸಿ.
ಬುಕ್ಕು ಮುಚ್ಚಿ, ಹಾಳಿ ಸೊಟ್ಟಾಗಬಾರದಂತ
ಹಿತ್ತಲದಾಗಿನ ಫರಸಿ ಒಂದು ತಂದು ಹೇರೀನಿ.
ಅಪ್ಪ ಬಿಡಿಸಿದ್ದೇ ಇರಬೇಕು, ಅಂಚು ನುಣ್ಣಗದ.
ಅತ್ತಿಯರು ಇಲ್ಲೇ ಮಲಗ್ಯಾರ.
ಬೆಳಿಗ್ಗಿ ತಗದು ನೋಡಬೇಕು.