ಸರ್ವಿಸ್ ಯಾರದು

ಮುಂಜಾನೆ ಮಂಚದಿಂದ ಇಳಿದ ಮೊದಲನೇ ಹೆಜ್ಜಿ
ನಂದಲ್ಲ.
ಯಾವನೋ ಮುದುಕ ರಾತ್ರಿ ಕಾಲು ಬದಲಿ ಮಾಡಿ ಹೋಗ್ಯಾನ.
ಗ್ವಾಡಿ ಹಿಡಿದು ನಳದ ತನಕ ಇಪ್ಪತ್ತೆರಡ ಹೆಜ್ಜಿ,
ಹದಿನೆಂಟಕ್ಕ ಹಿಂಬಡ ಸಡಲತದ,
ಹಲ್ಲುಜ್ಜೂದರಾಗ ನಾ ನಾನಾಗಿರತೇನಿ.
ಮಹಾನಂದಾ ಚಹಾ ಸೋಸಕೋತ ಅಂತಾಳ:
"ನಲವತ್ತೊಂಬತ್ತಕ್ಕ ಬಾತುಕೋಳಿ ಪುಕ್ಕದ ಹಿಂದ ಓಡಿದರ ಹೀಂಗ."

ಪಟ್ ಅಂತ ಹರೀಲಿಲ್ಲ. ಬೀಳಲಿಲ್ಲ. ಯಾರೂ ಓಡಿ ಬರಲಿಲ್ಲ.
ಸೊಲ್ಲಾಪುರದ ಬಂದಾದ ಚಾದರ ಕಾರಖಾನಿ ಶೆಡ್ಡು,
ಲೂಮ್ ಕಿತ್ತ ಬೋಲ್ಟಿನ ತೂತಿಗೆ ಸಿಮೆಂಟ್ ಮೆತ್ತಿ ಮಾಡಿದ ಕೋರ್ಟು,
ಬುಧವಾರ, ಮೂರನೇ ಗೇಮು, ಬ್ಯಾಕ್‌ಹ್ಯಾಂಡ್ ಮೂಲಿ.
ಅಂಬಾದಾಸ ತೆಲುಗಿನಾಗ ಒದರಿದ: "ನೀದಿ!"
ಹಿಂದಕ್ಕ ಸರದೆ. ಹೊಡದೆ. ಪಾಯಿಂಟೂ ಬಂತು.
ಆಮ್ಯಾಲೆ ಚಪ್ಪಲಿ ಹಾಕೋಮುಂದ
ಹಿಂಬಡದ ಮ್ಯಾಲ ಒಂದ ಬಿಸಿ ಸೂಜಿ.
ಸೂಜಿ ಅಂದರ ನನಗ ಹೊಸಾದಲ್ಲ, ಬಿಟ್ಟುಬಿಟ್ಟೆ.
ಶುಕ್ರವಾರ ಮತ್ತ ಆಡದೆ. ರವಿವಾರನೂ.

ಮೇ ತಿಂಗಳ ನಮಗ ಉಸಿರ ಬಿಡಾಕ ಪುರಸೊತ್ತಿಲ್ಲ.
ಸಾಲಿ ಸುರು ಆಗೂದರಾಗ ಎರಡ ಸಾವಿರ ನೀಲಿ ಚಡ್ಡಿ.
ಮಶೀನಿನ ಪಾಯಡಲ್ ಬಲಗಾಲಿಂದು, ನೋವೂ ಬಲಗಾಲಿಂದು.
ಎಡಗಾಲ ಇಟ್ಟು ನೋಡದೆ,
ಕಿಸೆದ ಹೊಲಿಗಿ ದಾರಿ ತಪ್ಪಿ ಕಾಜದ ಮನಿಗೆ ಹೋಯ್ತು.
ಮೂವತ್ತ ಚಡ್ಡಿ ಬಿಚ್ಚಿ ಮತ್ತ ಹೊಲದೆ.
ಅರಿಶಿಣ ಹಚ್ಚಿದೆ, ಉಪ್ಪಿನ ಶಾಖ, ಜಾಹೀರಾತಿನ ಎಣ್ಣಿ,
ಕಡೀಕ ಬೂಟಿನಾಗ ಹಿಂಬಡದ ಕೆಳಗ
ಕತ್ತರಿಸಿ ಉಳಿದ ನೀಲಿ ಚಿಂದಿ ನಾಕ ಮಡಚಿ ಇಟ್ಟೆ.
ಅದು ಮಾತ್ರ ಸ್ವಲ್ಪ ನಡೀತು.

ಫಿಜಿಯೊ ಸಾಯಲಿ ಮೇಡಂ, ನನ್ನ ಹಿರೇ ಮಗಳಿಗಿಂತ ಸಣ್ಣಾಕಿ,
ಎರಡ ಬೆರಳಿನಾಗ ಹಿಂಬಡದ ಹುರಿ ಹಿಡಿದು ಚಿವುಟಿದಳು.
ಮರಾಠಿಯೊಳಗ ಸಾವಕಾಶ ತಿಳಿಸಿದಳು:
ಬರೇ ಕುಂಡರಿಸಿದರ ಇದು ಸೊರಗತದ,
ಒಮ್ಮೆಲೆ ಎಳದರ ಸಿಟ್ಟಿಗೇಳತದ,
ಭಾರ ಹೊರಸರಿ, ದಿನಾ ಅಷ್ಟಷ್ಟ.
ನಾ ಅಂದೆ, ದಾರದ ಟೆನ್ಶನ್ ಇದ್ಧಾಂಗ.
ಆಕಿಗೆ ಮಶೀನ ಗೊತ್ತಿಲ್ಲ. ನಕ್ಕು ಹೂಂ ಅಂದಳು.

ಮೆಟ್ಟಲದ ತುದಿಗೆ ಬೆರಳಷ್ಟ ಊರಿ
ಎರಡ ಕಾಲಲೆ ಏರೂದು, ಒಂದ ಕಾಲಲೆ ಇಳಿಯೂದು,
ಹಿಂಬಡ ಗಾಳಿಯಾಗ, ಮೆಟ್ಟಲಕಿಂತ ಕೆಳಗ.
ಹದಿನೈದ ಸಲ, ಮೂರ ಸುತ್ತ, ಮುಂಜಾನೆ, ಸಂಜೀಕ.
ಹದಿನೈದ!
ನಾ ಕಲಿಯೋಮುಂದ ಗೇಮು ಹದಿನೈದಕ್ಕ ಮುಗೀತಿತ್ತು,
ಸರ್ವಿಸ್ ಕೈಯಾಗಿದ್ದವಗಷ್ಟ ಪಾಯಿಂಟು.
ತಾಸಗಟ್ಟಲೆ ಬೆವರ ಸುರಿಸಿದರೂ ಹಲಗಿಮ್ಯಾಲ ಆರ–ಆರು.
ಈಗೂ ಹಂಗ. ಮೂರನೇ ವಾರ, ಐದನೇ ವಾರ,
ಸರ್ವಿಸ್ ಅದರ ಕಡೆನ ಅದ.

ಸಂಜೀಕ ಶೆಡ್ಡಿಗೆ ಹೋಗಿ ಕುರ್ಚಿ ಹಾಕ್ಕೊಂಡು ಸ್ಕೋರ್ ಬರೀತೇನಿ.
ಕುಂತವಗ ಕಾಲಷ್ಟ ಕಾಣತಾವ:
ವಿಠ್ಠಲ ಕೋಳೇಕರನ ಮೊಣಕಾಲಿಗೆ ಪಟ್ಟಿ,
ಬ್ಯಾಂಕಿನ ಇನಾಮದಾರಗ ಎರಡೂ ಗೆಣ್ಣಿಗೆ.
ಇಷ್ಟ ದಿನ ಇವು ಎಲ್ಲಿದ್ದುವೋ.
ಅಂಬಾದಾಸನ ಜೋಡಿ ಈಗ ಒಬ್ಬ ಹುಡುಗ, ಇಪ್ಪತ್ಮೂರು,
ನೆಲಾನ ತಾಕಸೂದಿಲ್ಲ ಹಿಂಬಡಾ.
ಅವ ನೆಟ್ಟಿಗೆ ಹೊಡದು ಪಾಯಿಂಟ ಕಳಕೊಂಡಾಗ
ಸೀಮೆಸುಣ್ಣ ಸ್ವಲ್ಪ ಜೋರಲೆ ಒತ್ತಿ ಬರೀತೇನಿ.
ಇದನ್ನ ಮನ್ಯಾಗ ಹೇಳಿಲ್ಲ.

ಶ್ರಾವಣ ಮುಗಿಯೂದಕ್ಕ ನಳದ ತನಕ ಹೆಜ್ಜಿ ಎಣಸೂದ ಮರತೆ.
ನಿನ್ನೆ ಮೇಡಂ ಅಂದಳು, ಆಡ್ರಿ, ಅರ್ಧಾ ತಾಸ, ಜಿಗಿಬ್ಯಾಡ್ರಿ.
ಬೂಟಿನ ಚಿಂದಿ ಎರಡ ಮಡಿಕಿ ತಗದೆ.
ಅದ ಕೋರ್ಟು, ಅದ ಮೂಲಿ,
ಕೋಳೇಕರ ಬೇಕಂತನ ಅಲ್ಲಿಗೆ ಕಳಿಸಿದ.
ಪುಕ್ಕ ತಲಿಮ್ಯಾಲಿಂದ, ಟ್ಯೂಬ್‌ಲೈಟಿನ ಬೆಳಕ ದಾಟಿ
ತಿರಗಕೋತ, ಹಿಂದ, ಇನ್ನೂ ಹಿಂದ.
"ನೀದಿ!" ಒದರಿದ ಅಂಬಾದಾಸ.
ಕಾಲು ಒಂದ ಹೆಜ್ಜಿ ಕೇಳಿತು. ಕೊಡಲಿಲ್ಲ.
ಸಿಮೆಂಟಿನ ಮ್ಯಾಲ ಟಪ್ ಅಂತ ಸಣ್ಣ ಸಪ್ಪಳ.
"ಹೂಂ," ಅಂದೆ, "ನಂದ."