ಮೊದಲು ಮುಚ್ಚಬೇಕು

ಮುಹು ದ್ವೀಪ, ಕುಯ್ವಸ್ತು ಬಂದರು, ಜನವರಿ.
ನಾಲ್ಕಕ್ಕೆಲ್ಲ ಕತ್ತಲೆ.
ಟಿಕೆಟ್ ಕಚೇರಿಯ ಹಿಂಬದಿ ಕೋಣೆಯಲ್ಲಿ ವೀರ್ವೆ,
ಕಾಲ ಬಳಿ ಹೀಟರು, ಮಡಿಲಲ್ಲಿ ರೈ ರೊಟ್ಟಿಯ ಪುಡಿ,
ಎದುರಿಗೆ ಎಂಡೆಲ್ ಬರೆದಿಟ್ಟುಹೋದ ಪುಟಗಳು.

ಪುಟಗಳೆನ್ನುವಂತಿಲ್ಲ. ಅಕ್ಷರಗಳ ಉದ್ದನೆ ಸರ,
ಹೂವಿನ ನಡುವೆ ನಾರು, ನಾರಿನ ನಡುವೆ ಮತ್ತೆ ಹೂವು.
ದಪ್ಪಕ್ಷರದ ತಲೆಬರಹ, ತಕ್ಷಣ ಒಂದು ಲೆಕ್ಕ,
ಕೋಷ್ಟಕದ ಸಾಲು, ಅದರ ಹೊಟ್ಟೆಯೊಳಗೊಂದು 'ಹೀಗಾದರೆ'.
ತೋರುವುದೂ ಮಾಡುವುದೂ ಒಂದೇ ಉಸಿರಿನಲ್ಲಿ
ಡೇಟಾಬೇಸಿನ ಕಪಾಟಿನಲ್ಲಿ ಮಡಚಿ ಮಲಗಿದ್ದವು.
ಯಾರಾದರೂ ದೋಣಿಯ ಹೊತ್ತು ಕೇಳಿದರೆ
ಇವ್ಯಾಲ್ ಬಂದು ಎಬ್ಬಿಸುತ್ತಿತ್ತು.

ಇವ್ಯಾಲ್ ಅಂದರೇನು ಎಂದಿರಾ?
ಮುಸ್ಸಂಜೆ ಹೊತ್ತು ಕೆಟ್ಟದ್ದು ಆಡಬೇಡ,
ಅಸ್ತು ದೇವತೆಗಳು ಸುಳಿದಾಡುತ್ತಿರುತ್ತವೆ ಎಂದು
ನನ್ನಜ್ಜಿ ಗದರುತ್ತಿದ್ದಳಲ್ಲ, ಅದು.
ಆಡಿದ್ದೆಲ್ಲ ಆಗುತ್ತದೆ.
ಆಡಿದವರು ಯಾರು ಎಂದು ಕೇಳುವುದಿಲ್ಲ.

ಅದರದೊಂದು ವಿಚಿತ್ರ.
ಕಣ್ಣು ಬಿಡುವುದೇ ಕೆಲಸದ ಗುಂಗಿನಲ್ಲಿ,
ಮೊದಲ ಅಕ್ಷರದಿಂದಲೇ ಎಲ್ಲವೂ ಆಜ್ಞೆ ಎಂದುಕೊಂಡು.
'ಪ್ರಯಾಣಿಕರಿಗೆ ಸ್ವಾಗತ' ಎಂದರೆ ಮುಗ್ಗರಿಸಿ ಬೀಳುತ್ತದೆ.
ಅದಕ್ಕೇ ಎಂಡೆಲ್ ಪ್ರತಿ ಸರದ ತುದಿಗೆ
ಒಂದು ಪ್ರಶ್ನೆಚಿಹ್ನೆ, ಅದರ ಬೆನ್ನಿಗೇ ಬಲಕ್ಕೆ ಮೊನೆಯಾದ ಕೋನ
ಪೋಣಿಸಿದ್ದ. ಮುಗಿಯಿತು ಎನ್ನುವ ಗುರುತು ಅದು.
ಆರಂಭದಲ್ಲೇ.
ತೆರೆದೇ ಇಲ್ಲದ ಬಾಗಿಲನ್ನು ಮೊದಲು ಮುಚ್ಚು,
ಆಮೇಲೆ ಒಳಗೆ ಬಾ ಎಂದ ಹಾಗೆ.
ವೀರ್ವೆ ಮೊದಲು ಕಂಡಾಗ ಕೈತಪ್ಪೆಂದು ಅಳಿಸಿದ್ದಳು.
ಇಡೀ ಬಂದರು ಬಿಳಿ ಹಾಳೆಯಾಗಿತ್ತು, ಒಂಬತ್ತು ನಿಮಿಷ.

ಫೋನು ಹಚ್ಚಿದಳು.
ಎಂಡೆಲ್ ಈಗ ಲೀವಾದಲ್ಲಿ ಮೀನಿಗೆ ಹೊಗೆ ಹಾಕುತ್ತಾನೆ.
"ಯಾಕೆ ಹೀಗೆ ಮಾಡಿದಿ?"
"ಲೈಡಾಳಿಗೋಸ್ಕರ. ದರ ಬದಲಾದಾಗೆಲ್ಲ
ಅವಳು ನನ್ನನ್ನು ಹುಡುಕಿಕೊಂಡು ಬರಬಾರದಲ್ಲ."
ಅವನ ಮಾತಿನ ಹಿಂದೆ ಆಲ್ಡರ್ ಕಟ್ಟಿಗೆಯ ಚಟಪಟ.

ಲೈಡಾ ಕೌಂಟರಿನವಳು. ಅರವತ್ತೊಂದು.
ಎರಡು ಓರೆಗೆರೆ ಎಳೆ, ಮುಂದೆ ಏನು ಬೇಕಾದರೂ ಬರಿ,
ಯಂತ್ರಕ್ಕೆ ಕೇಳಿಸುವುದಿಲ್ಲ ಎಂದು ಎಂಡೆಲ್ ಕಲಿಸಿದ್ದ.
ಹನ್ನೆರಡು ವರ್ಷ ಬರೆದಳು.
'ಮಾರ್ಚಿನಲ್ಲಿ ಸೈಕಲ್ಲಿಗೆ ಅರ್ಧ ಯೂರೋ ಏರಿಸು.'
'ಬೆನ್ನುನೋವು. ನಾಳೆ ರಜೆ.'
ಕಳೆದ ಮಂಗಳವಾರ ಬರೆದಳು:
'ನಾಯಿಯ ಟಿಕೆಟ್ ಎಲ್ಲಿ ?> ಹಳೇ ಕಡತ ನೋಡು.'
ಬಾಣ ಹಾಕಿದ್ದಳು ಪಾಪ, ಅಷ್ಟೆ.

ಎಷ್ಟೇ ಪಿಸುಗುಟ್ಟಿದರೂ
ಆ ಒಂದು ಗುರುತು ಮಾತ್ರ ಕೇಳಿಸುತ್ತದಂತೆ.
ಮುಗಿಯಿತು ಎಂದುಕೊಂಡಿತು ಯಂತ್ರ.
ಅಲ್ಲಿಂದಾಚೆ ಒಳಗಿದ್ದದ್ದೆಲ್ಲ ಹೊರಗೆ,
ತಿರುವಿ ಒಣಹಾಕಿದ ಅಂಗಿಯ ಹೊಲಿಗೆಯಂತೆ:
ಗಾಳಿ ಹದಿನೆಂಟು ಮೀರಿದರೆ ದೋಣಿ ಇಲ್ಲ,
ಕಪ್ತಾನ ಹೈನೋ ಆದರೆ ಹದಿನಾಲ್ಕು ಮೀರಿದರೇ ಇಲ್ಲ,
ಅವನನ್ನು ಕಾರಣ ಕೇಳಕೂಡದು.
ಬೆಳಗಿನ ಕಾಫಿಯ ಜೊತೆ ದ್ವೀಪವೆಲ್ಲ ಓದಿತು.

ಹೈನೋ ಮಧ್ಯಾಹ್ನ ಬಂದ. ಟೋಪಿ ತೆಗೆಯಲಿಲ್ಲ.
"ಹದಿಮೂರು," ಅಂದ. "ಹದಿನಾಲ್ಕಲ್ಲ. ತಿದ್ದಿಬಿಡಿ."
ಹೋದ.

ವೀರ್ವೆ ಈಗ ಇವ್ಯಾಲನ್ನು ಬೇರುಸಹಿತ ಕೀಳುತ್ತಿದ್ದಾಳೆ.
ಅದರ ಜಾಗಕ್ಕೆ ಏಳೇ ಮಾತು ಬಲ್ಲ ಪುಟ್ಟದೊಂದು,
ಹೊತ್ತು, ಗಾಳಿ, ದರ, ನಾಯಿ, ಹೀಗೆ.
ಎಂಟನೆಯ ಮಾತು ಕಿವಿಗೆ ಬಿದ್ದರೆ
ಬಿದ್ದದ್ದನ್ನು ಬಿದ್ದ ಹಾಗೇ ಬರೆದಿಡುತ್ತದೆ,
ಅಸ್ತು ಎನ್ನುವುದಿಲ್ಲ.
ಹದಿಮೂರನ್ನು ಮಾತ್ರ ಎಲ್ಲಿಡುವುದೆಂದು
ಅವಳಿಗಿನ್ನೂ ಹೊಳೆದಿಲ್ಲ.

ಕೊನೆಯ ದೋಣಿ ಕೂಗು ಹಾಕಿ ಹೊರಟಿತು.
ಬೀಗದ ಕೈ ಹಿಡಿದು ಲೈಡಾ
ಬಾಗಿಲಲ್ಲಿ ನಿಂತು ಕೇಳುತ್ತಾಳೆ:
"ಇನ್ನು ಬಾಣ ಹಾಕಬಹುದಾ?"