ಖಾಲಿ ಲಾರಿಯ ತೂಕ

ಬೈನಾದ ಇಳಿಜಾರು ಮುಗಿಯೂ ಕಡೆ, ಇಗರ್ಜಿ ಹಿಂದ, ಒಂದು ಖೋಲಿ.
ಮಂಗಳವಾರ, ಶುಕ್ರವಾರ, ಸಂಜಿ ಏಳೂವರಿಗೆ.
ಹನ್ನೊಂದು ಪ್ಲಾಸ್ಟಿಕ್ ಖುರ್ಚಿ. ಒಂದರ ಕಾಲು ಸೀಳೈತಿ,
ಹೊಸದಾಗಿ ಬಂದವರು ಬರೋಬ್ಬರಿ ಅದರಾಗ ಹೋಗಿ ಕೂಡತಾರ.
ಇಲ್ಲಿ ಅಡ್ಡಹೆಸರಿಲ್ಲ.
ನಾನು ಫಕೀರಪ್ಪ, ನಾನು ಕುಡುಕ, ಅಂದ್ರ
ಎಲ್ಲಾರೂ ‘ನಮಸ್ಕಾರ ಫಕೀರಪ್ಪ’ ಅಂತಾರ,
ಲಗ್ನದಾಗ ಅಕ್ಕಿಕಾಳು ಒಗದಂಗ.

ಗೋಡಿಗೆ ಹನ್ನೆರಡು ಪಾವಟಿಗಿ.
ಕೊಂಕಣಿದು, ಹಿಂದಿದು ಅಚ್ಚಾಗಿ ಬಂದದ್ದು;
ಕನ್ನಡದ್ದು ನಾನು ಬರದದ್ದು, ಹಳೇ ಕ್ಯಾಲೆಂಡರಿನ ಬೆನ್ನಿಗೆ.

ಕಾಯ್ತಾನ ಬಾರ್ಜಿನ ಇಂಜಿನ್ ಬಿಚ್ಚಿ ಜೋಡಿಸಿದ ಮನಷ್ಯಾ.
ವರ್ಷಕ್ಕೊಂದು ಪಾವಟಿಗಿ, ಅಂತಾನ.
ಬಿಚ್ಚಿದ ಕ್ರಮ ಮರತ್ರ ಕಡೀಕೆ ಒಂದು ಬೋಲ್ಟ್ ಕೈಯಾಗ ಉಳೀತೈತಿ,
ಅದು ಎಲ್ಲೀದು ಅಂತ ನೆನಪಾಗೂದು ನದಿ ನಡುವ.
ಹನ್ನೆರಡೂ ಮುಗಿಸಿ ಮತ್ತ ಒಂದರಿಂದ ಸುರು ಮಾಡ್ಯಾನ.
ಈಗ ಮೂರನೇದರ ಮ್ಯಾಲ ನಿಂತಾನ, ಮೊಣಕಾಲು ಸವದಾವ.

ಪ್ರೇಮಾನಂದ ಟ್ಯಾಕ್ಸಿಯವ.
ಮೂರು ರಾತ್ರಿಯೊಳಗ ಹನ್ನೆರಡೂ ಮುಗಿಸಿದಾವ,
ಫೋಂಡಾದ ಗೆಳ್ಯಾನ ಮಾಳಿಗಿ ಮ್ಯಾಲ, ಸೋಡಾ ಕುಡಕೋತ.
ಮನಿಗೆ ಉರಿ ಹತ್ತಿದಾಗ ಪಾವಟಿಗಿ ಎಣಸ್ತಾರೇನು? ಜಿಗಿ, ಅಂತಾನ.
ಒಮ್ಮೆ ಚೌತಿ ಹೊತ್ತಿನಾಗ ಹೊಳ್ಳಿ ಅದs ಉರಿಯೊಳಗ ಬಿದ್ದಿದ್ದ.
ಅದನ್ನೂ ಹೇಳ್ತಾನ, ಮೀಟರ್ ತೋರಿಸಿದಂಗ, ನಾಚಿಕಿಲ್ದ.

ಹುಲಿಗೆವ್ವ ಗೋಡಿ ಕಡೆ ನೋಡಂಗೇ ಇಲ್ಲ. ಓದಾಕ ಬರಂಗಿಲ್ಲ.
ಮೀನದ ಬುಟ್ಟಿ ಬಾಗಲ ಹೊರಗ ಇಡ್ತಾಳ,
ಕುಂದ್ರತಾಳ, ಚಾ ಕುಡೀತಾಳ, ಹೊಕ್ಕಾಳ.
ನಾಕು ವರ್ಷಾತು, ಒಂದು ಗುಟಕಿಲ್ಲ.
ನಮಗಿಂತ ದೊಡ್ಡ ಶಕ್ತಿ ಅಂದ್ರ ನಿನಗ ಯಾವುದು, ಕಾಯ್ತಾನ ಕೇಳಿದ.
ಶನಿವಾರ ರಾತ್ರಿ, ಅಂದ್ಲು.
ಅದನ್ನ ದಾಟಿಸಿದವರು ಯಾರಿದ್ರೂ ಸೈ.

ನಾನು ನಾಕನೇದಕ್ಕ ನಿಂತಾವ.
ಬಂದರದ ಕಾಟಾದಾಗ ಕಾರಕೂನ, ಅದಿರಿನ ಲಾರಿ ತೂಗಾವ.
ತುಂಬಿದ ಲಾರಿ ತೂಕದಾಗ ಖಾಲಿ ಲಾರಿ ತೂಕ ಕಳೀಬೇಕು,
ಉಳದದ್ದು ಮಾಲು.
ನಿನ್ನ ತೂಕ ನೀನ ಬರಿ ಅಂದ್ರು.
ಇನ್ನೂರು ಪುಟದ ವಹಿ ತುಂಬಿಸಿದೆ,
ಕಾಯ್ತಾನಗ ಹಿಂದಿಯೊಳಗ ಹೇಳಕೋತ ಹೊಂಟೆ. ನಡುವ ತಡದ.
ನಿಮ್ಮಣ್ಣ ಬಂದ, ಮುಕಾದಮ ಬಂದ, ಮಾವ ಬಂದ.
ಖಾಲಿ ಲಾರಿ ಎಲ್ಲೈತಿ?
ಸುಟ್ಟುಬಿಡು ಅಂದ ಪ್ರೇಮಾನಂದ, ಬೆಂಕಿಪೊಟ್ಟಣ ಚಾಚಿದ.

ಎಂಟು ತಿಂಗಳಿಗೆ ಹೊಸ ವಹಿ. ಹದಿನಾಕು ಪುಟ.
ಮೀನ ಪ್ಯಾಟಿ ಕಟ್ಟಿ ಮ್ಯಾಲ ಬಂಗಡಿ ಹೊಟ್ಟಿ ಸೀಳಕೋತ
ಹುಲಿಗೆವ್ವ ಅಂದ್ಲು:
ನನಗ ಓದು. ನಾ ಎಲ್ಲೂ ಬರದಿಡಾಕಿ ಅಲ್ಲ.

ಓದಿದೆ. ಒಂಬತ್ತನೇ ಪುಟ:
ಬೈನಾ ಹೆಣ್ಮಕ್ಕಳ ಭಿಶಿ ರೊಕ್ಕ, ಮೂರು ಸಾವಿರದ ನಾಕುನೂರು,
ಹಿಟ್ಟಿನ ಡಬ್ಬಿಯೊಳಗಿಂದ.
ಹೊಡತ ತಿಂದಾವ ಹನ್ನೊಂದು ವರ್ಷದ ಹುಡುಗ.

ಅಕಿ ಕತ್ತಿ ನಿಂತಿತು.
ಕಾಗಿ ಒಂದು ಕರಳು ಕಚ್ಚಿಕೊಂಡು ಹೋತು.
ಆ ಡಬ್ಬಿ ನಮ್ಮ ಮನ್ಯಾಗಿತ್ತು, ಅಂದ್ಲು.
ಗೊತ್ತು, ಅಂದೆ.
ಹೊಡದಾಕಿ ನಾನು. ಕುಡದಿದ್ದೆ.

ಭಾಳ ಹೊತ್ತಿನ ಮ್ಯಾಲ ಅಂದ್ಲು:
ಮುಂದ ಓದು.

ಐದನೇದನ್ನೂ ಒಂಬತ್ತನೇದನ್ನೂ ಒಟ್ಟಿಗೆ ಬಿಚ್ಚಿದಿ,
ಬೋಲ್ಟ್ ಉಳೀತೈತಿ ನೋಡು, ಕಾಯ್ತಾನ ತಲಿ ಅಲ್ಲಾಡಿಸಿದ.
ಜಿಗದ್ಯಲ್ಲ, ಪ್ರೇಮಾನಂದ ನಕ್ಕ.

ಪಗಾರದ ದಿನ ರೊಕ್ಕ ಒಯ್ದೆ.
ಹುಡುಗ ಈಗ ವೆರ್ಣಾದಾಗ ಫ್ಯಾಕ್ಟರಿಗೆ ಹೋಗ್ತಾನ, ಮೀಸಿ ಬಂದಾವ.
ನನ್ನ ನೋಡಿ ಒಳಗ ಹೋಗಿ ಬಾಗಲ ಹಾಕಿಕೊಂಡ.
ಹುಲಿಗೆವ್ವ ಸೆರಗಿಗೆ ಕೈ ಒರಸಿಕೊಂಡು ಎಣಿಸಿದಳು, ಎರಡು ಸಲ.
ಇಪ್ಪತ್ತು ಕಡಿಮಿ ಐತಿ, ಅಂದ್ಲು.
ಶುಕ್ರವಾರ ತಾ.